ಸೊನ್ನೆ ಲೀಟರ್ ಹಾಲಿಗೆ ಫ್ಯಾಟು ಎಷ್ಟು? ಲಿಸ್ಪ್‌ನಲ್ಲಿ ಭಾಗಾಕಾರ ಕೈಕೊಟ್ಟ ಕಥೆ

ನಮ್ಮ ಚಿಕ್ಕಪ್ಪ ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟ್ರಿ. ಮಂಡ್ಯ ಕಡೆ ಸಣ್ಣ ಊರು, 38 ಮನೆಯವರು ಹಾಲು ಹಾಕ್ತಾರೆ. ಬಟವಾಡೆ ಲೆಕ್ಕ ಎಲ್ಲ ಮಷಿನ್ನೇ ಮಾಡುತ್ತೆ, ಆದ್ರೆ ಯಾವ ಮನೆ ಹಾಲಿನ ಫ್ಯಾಟು ತಿಂಗಳಿಂದ ತಿಂಗಳಿಗೆ ಹೆಂಗೆ ಏರಿದೆ ಹೆಂಗೆ ಇಳಿದಿದೆ ಅನ್ನೋದಕ್ಕೆ ಚಿಕ್ಕಪ್ಪನದ್ದೇ ಒಂದು ಉದ್ದನೆ ಪುಸ್ತಕ ಇದೆ, ಅದನ್ನ ಅವರು ಕ್ಯಾಲ್ಕುಲೇಟರ್ ಕುಟ್ಟಿ ಕುಟ್ಟಿ ತುಂಬಿಸ್ತಾರೆ. ದಸರಾ ರಜೆಗೆ ಹೋದವನು ಇದನ್ನ ನೋಡಿ ಸುಮ್ನೆ ಇರಬಹುದಿತ್ತು, ಇರ್ಲಿಲ್ಲ, ಕೊಡಿ ಚಿಕ್ಕಪ್ಪ ಒಂದು ಪ್ರೋಗ್ರಾಮ್ ಬರ್ದುಕೊಡ್ತೀನಿ ಅಂದುಬಿಟ್ಟೆ.

ಎಕ್ಸೆಲ್‌ನಲ್ಲಿ ಮಾಡಬಹುದಿತ್ತಲ್ವಾ ಅಂತ ನೀವು ಕೇಳೋದು ಗೊತ್ತು. ಮಾಡಬಹುದಿತ್ತು. ಆದ್ರೆ ನಂಗೆ ಆಗ ಕಾಮನ್ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಹುಚ್ಚು ಹೊಸದಾಗಿ ಹಿಡಿದಿತ್ತು, ಲ್ಯಾಪ್‌ಟಾಪ್‌ನಲ್ಲಿ ಅದನ್ನ ಓಡಿಸೋ ಎಸ್‌ಬಿಸಿಎಲ್ ಇತ್ತು, ಎದುರಿಗೆ ಕೆಲಸ ಇತ್ತು, ಇನ್ನೇನು ಬೇಕು.

ಲೆಕ್ಕ ಅಂಥ ದೊಡ್ಡದೇನಲ್ಲ. ಒಂದು ಮನೆಯವರು ದಿನಾ ಬೆಳಿಗ್ಗೆ ಸಂಜೆ ಎಷ್ಟು ಲೀಟರ್ ಹಾಕಿದ್ರು, ಪ್ರತಿ ಸಲ ಫ್ಯಾಟ್ ಎಷ್ಟು ಬಂತು. ಲೀಟರನ್ನ ಫ್ಯಾಟಿನಿಂದ ಗುಣಿಸಿ ಕೂಡಿಸಿ, ಒಟ್ಟು ಲೀಟರಿಂದ ಭಾಗಿಸಿದ್ರೆ ಆ ಮನೆಯ ತಿಂಗಳ ಸರಾಸರಿ ಫ್ಯಾಟ್. ಒಂದು ಸಾಲಿನ ಫಂಕ್ಷನ್. ಬರ್ದೆ, ಓಡಿಸ್ದೆ, ಹನ್ನೊಂದನೇ ಮನೆಗೆ ಬಂದಾಗ ಸ್ಕ್ರೀನ್ ತುಂಬ ಬ್ಯಾಕ್‌ಟ್ರೇಸ್ (ತಪ್ಪು ಎಲ್ಲಾಯ್ತು ಅನ್ನೋ ಪಟ್ಟಿ) ಸುರಿದು ಪ್ರೋಗ್ರಾಮ್ ಡಿಬಗ್ಗರ್‌ನಲ್ಲಿ (ತಪ್ಪಾದಲ್ಲೇ ನಿಲ್ಲಿಸಿ ಏನ್ಮಾಡ್ಲಿ ಅಂತ ಕೇಳೋ ಜಾಗ) ಕೂತುಬಿಡ್ತು. ಅರಿಥ್ಮೆಟಿಕ್ ಎರರ್ ಅಂತೆ. ನೋಡಿದ್ರೆ ಆ ಮನೆಯ ಹಸು ಗಬ್ಬ, ಹಾಲು ಬತ್ತಿಸಿದ್ದಾರೆ, ತಿಂಗಳು ಪೂರ್ತಿ ಸೊನ್ನೆ ಲೀಟರ್.

ಆಗ ನಾನು ಮಾಡಿದ ಕೆಲಸ ಏನಂದ್ರೆ, ಹೇಳೋಕೆ ನಾಚಿಕೆ ಆಗುತ್ತೆ, ಆ ಭಾಗಾಕಾರಕ್ಕೆ ಎರರ್ ನುಂಗಿ ನಿಲ್ (ಏನೂ ಇಲ್ಲ ಅನ್ನೋ ಲಿಸ್ಪ್ ಗುರುತು) ಕೊಡೋ ಇಗ್ನೋರ್-ಎರರ್ಸ್ ಸುತ್ತಿ, ನಿಲ್ ಬಂದ್ರೆ 0 ತಗೋ ಅಂತ ಬರ್ದು ಮಲಗಿದೆ. ಎಕ್ಸೆಲ್‌ನಲ್ಲಿ ಜನ ಎಲ್ಲಾ ಸೆಲ್‌ಗೂ ಇಫ್‌ಎರರ್ ಸುತ್ತೋದು ಇದೇ ಅಭ್ಯಾಸ.

ಬೆಳಿಗ್ಗೆ ಚಿಕ್ಕಪ್ಪ ಪ್ರಿಂಟ್ ಹಿಡ್ಕೊಂಡು ಬಂದ್ರು. "ಏನ್ಲಾ ಇದು, ನಮ್ ಡೈರಿ ಹಾಲ್ಗೆ ನೀರ್ ಸುರ್ದುಬುಟ್ಯಾ?"

ಊರಿನ ಸರಾಸರಿ ಫ್ಯಾಟ್ 3.45 ಅಂತ ಬಂದಿತ್ತು. ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅನ್ನೋ ಗೆರೆ ಡೈರಿಯವರಿಗೆಲ್ಲ ಬಾಯಿಪಾಠ, ಅದರ ಕೆಳಗೆ ಹೋಯ್ತು ಅಂದ್ರೆ ಮಾನ ಹೋದ ಹಾಗೆ. ನಿಜವಾಗಿ ಇದ್ದಿದ್ದು 4.1. ಆ ತಿಂಗಳು ಆರು ಮನೆಯವರದ್ದು ಹಾಲೇ ಇರ್ಲಿಲ್ಲ, ಆ ಆರಕ್ಕೂ ನನ್ನ ಪ್ರೋಗ್ರಾಮ್ ಶುದ್ಧವಾಗಿ ಫ್ಯಾಟ್ 0 ಅಂತ ಹಾಕಿ, 38 ರಿಂದ ಭಾಗಿಸಿ ಇಟ್ಟಿತ್ತು. ಸರಾಸರಿಗಳ ಸರಾಸರಿ ತೆಗೆದಿದ್ದೇ ಮೊದಲ ತಪ್ಪು, ಲೀಟರ್ ತೂಕ ಹಾಕಿ ತೆಗೆದಿದ್ರೆ ಸೊನ್ನೆ ಲೀಟರ್‌ನವರು ತಾವಾಗೇ ಪಕ್ಕಕ್ಕೆ ಸರೀತಿದ್ರು, ಅದು ಬೇರೆ ಮಾತು. ಆದ್ರೆ ಪ್ರೋಗ್ರಾಮ್ ಕ್ರ್ಯಾಶ್ ಆಗಿದ್ರೆ ನಂಗೆ ಗೊತ್ತಾಗ್ತಿತ್ತು. ಬಾಯಿ ಮುಚ್ಚಿಸಿದ್ದು ನಾನೇ.

ಇಗ್ನೋರ್-ಎರರ್ಸ್‌ದು ಇನ್ನೊಂದು ಕಿತಾಪತಿ ಇದೆ. ಅದು ಭಾಗಾಕಾರದ ಎರರ್ ಮಾತ್ರ ನುಂಗಲ್ಲ, ಎರರ್ ಅನ್ನೋ ಜಾತಿಯದ್ದೆಲ್ಲ ನುಂಗುತ್ತೆ. ಒಳಗೆ ಫಂಕ್ಷನ್ ಹೆಸರು ತಪ್ಪು ಟೈಪ್ ಮಾಡಿದ್ರೂ ನಿಲ್, ಫೈಲ್ ಇಲ್ಲದಿದ್ರೂ ನಿಲ್, ಲೀಟರ್ ಜಾಗದಲ್ಲಿ ಸ್ಟ್ರಿಂಗ್ ಬಂದ್ರೂ ನಿಲ್. ಕನ್ನಡದಲ್ಲಿ ಬರ್ದ್ರೆ ನಿಲ್ ಅಂದ್ರೆ ನಿಲ್ಲು ಅಂತಾದ್ರೂ ಅರ್ಥ ಬರುತ್ತೆ, ಲಿಸ್ಪ್‌ನಲ್ಲಿ ಅದು ನಿಲ್ಲೋದೇ ಇಲ್ಲ, ನಡ್ಕೊಂಡು ಹೋಗ್ತಾನೇ ಇರುತ್ತೆ.

ಸರಿ, ಆಮೇಲೆ ಕೂತು ಸರಿಯಾಗಿ ಓದ್ದೆ.

ಕಾಮನ್ ಲಿಸ್ಪ್‌ನಲ್ಲಿ ಎರರ್‌ಗಳಿಗೆ ಒಂದು ವಂಶವೃಕ್ಷ ಇದೆ. ಎರರ್ ಅನ್ನೋದರ ಕೆಳಗೆ ಅರಿಥ್ಮೆಟಿಕ್-ಎರರ್, ಅದಕ್ಕೆ ಐದು ಮಕ್ಕಳು: ಡಿವಿಷನ್-ಬೈ-ಝೀರೋ, ಮತ್ತೆ ಫ್ಲೋಟಿಂಗ್-ಪಾಯಿಂಟ್ ಕಡೆಯ ಓವರ್‌ಫ್ಲೋ, ಅಂಡರ್‌ಫ್ಲೋ, ಇನೆಕ್ಸಾಕ್ಟ್, ಇನ್‌ವ್ಯಾಲಿಡ್-ಆಪರೇಷನ್. ನಂಗೆ ಬೇಕಿದ್ದು ಡಿವಿಷನ್-ಬೈ-ಝೀರೋ ಒಂದೇ ಅಂದ್ಕೊಂಡು ಇಗ್ನೋರ್-ಎರರ್ಸ್ ಕಿತ್ತುಹಾಕಿ ಹ್ಯಾಂಡ್ಲರ್-ಕೇಸ್ ಹಾಕಿ ಅದನ್ನ ಮಾತ್ರ ಹಿಡಿದೆ. ರೆಪ್ಲ್‌ನಲ್ಲಿ (ಒಂದೊಂದೇ ಸಾಲು ಟೈಪ್ ಮಾಡಿ ಉತ್ತರ ನೋಡೋ ಜಾಗ) 41 ನ್ನ 0 ಇಂದ ಭಾಗಿಸಿ ಟೆಸ್ಟ್ ಮಾಡ್ದೆ, ಚೆನ್ನಾಗಿ ಹಿಡೀತು. ಚಿಕ್ಕಪ್ಪನ ಡೇಟಾ ಮೇಲೆ ಓಡಿಸ್ದೆ, ಹನ್ನೊಂದನೇ ಮನೆ, ಮತ್ತೆ ಧಡಾರ್.

ಇದಕ್ಕೆ ಅರ್ಧ ದಿನ ತಗೊಂಡೆ ಅಂದ್ರೆ ನಗಬೇಡಿ. ಡೇಟಾ ಎಲ್ಲ ಫ್ಲೋಟ್, ಅಂದ್ರೆ 4.1 ಥರ ದಶಮಾಂಶ ಸಂಖ್ಯೆ. ಲೀಟರ್ 0.0 ಆದ್ರೆ ಲೀಟರ್ ಗುಣಿಸು ಫ್ಯಾಟ್ ಕೂಡ 0.0 ಆಗ್ಲೇಬೇಕು, ಅಂದ್ರೆ ನಾನು ಮಾಡ್ತಿರೋದು 41 ಭಾಗಿಸು 0 ಅಲ್ಲ, 0.0 ಭಾಗಿಸು 0.0. ಫ್ಲೋಟ್ ಲೆಕ್ಕದ ಐಇಇಇ 754 ನಿಯಮ ಇದೆಯಲ್ಲ, 1985 ರದ್ದು, ಅದರ ಪ್ರಕಾರ ಈ ಎರಡೂ ಬೇರೆ ಬೇರೆ ತಪ್ಪು. 41.0 ನ್ನ 0.0 ಇಂದ ಭಾಗಿಸಿದ್ರೆ ಸೊನ್ನೆಯಿಂದ ಭಾಗಾಕಾರ, ಆದ್ರೆ 0.0 ನ್ನ 0.0 ಇಂದ ಭಾಗಿಸಿದ್ರೆ ಅದು ಅಸಿಂಧು ಲೆಕ್ಕ, ಇನ್‌ವ್ಯಾಲಿಡ್-ಆಪರೇಷನ್. ವಂಶವೃಕ್ಷದಲ್ಲಿ ಇವೆರಡು ಅಣ್ಣ ತಮ್ಮ, ಅಪ್ಪ ಮಗ ಅಲ್ಲ. ಅಣ್ಣನ್ನ ಹಿಡಿಯೋಕೆ ಹಾಕಿದ ಬಲೆಗೆ ತಮ್ಮ ಬೀಳಲ್ಲ. ಇಂಟಿಜರ್‌ನಲ್ಲಾದ್ರೆ, ಅಂದ್ರೆ ಪೂರ್ಣಾಂಕದಲ್ಲಿ, ಈ ಗೋಜಿಲ್ಲ, ಮೇಲೆ ಏನೇ ಇರ್ಲಿ ಕೆಳಗೆ 0 ಇದ್ರೆ ಡಿವಿಷನ್-ಬೈ-ಝೀರೋನೇ.

ಹಂಗಾಗಿ ಫ್ಲೋಟ್ ಇರೋ ಕಡೆ ಅಪ್ಪನ್ನೇ ಹಿಡೀರಿ, ಅರಿಥ್ಮೆಟಿಕ್-ಎರರ್. ಇಲ್ಲಾಂದ್ರೆ ಫ್ಲೋಟನ್ನೇ ಬಿಡಿ. ನಾನು ಎರಡನ್ನೂ ಮಾಡ್ದೆ. ಲೀಟರನ್ನ ಮಿಲಿಲೀಟರ್ ಮಾಡಿ, ಫ್ಯಾಟನ್ನ ಹತ್ತರಿಂದ ಗುಣಿಸಿ ಎಲ್ಲಾ ಇಂಟಿಜರ್ ಮಾಡ್ಕೊಂಡೆ. ಲಿಸ್ಪ್‌ನಲ್ಲಿ 7 ನ್ನ 2 ರಿಂದ ಭಾಗಿಸಿದ್ರೆ 7/2 ಅಂತ ಭಿನ್ನರಾಶಿನೇ ಉತ್ತರ ಬರುತ್ತೆ, ಒಂದು ಕಾಳೂ ಚೆಲ್ಲಲ್ಲ, ಕೊನೆಗೆ ಪ್ರಿಂಟ್ ಮಾಡೋವಾಗ ಮಾತ್ರ ದಶಮಾಂಶ ಮಾಡ್ಕೊಂಡ್ರೆ ಆಯ್ತು. ಇಂಟಿಜರ್‌ಗೆ ಓವರ್‌ಫ್ಲೋ ಅನ್ನೋದೂ ಇಲ್ಲ, 2 ರ 100 ನೇ ಘಾತ ಕೇಳಿದ್ರೆ 31 ಅಂಕಿಯ ಸಂಖ್ಯೆಯನ್ನ ಪೂರ್ತಿ ಬರ್ದು ಕೊಡುತ್ತೆ. (ಫಿಕ್ಸ್‌ನಮ್, ಅಂದ್ರೆ ಗಾತ್ರಕ್ಕೆ ಮಿತಿ ಇರೋ ಇಂಟಿಜರ್, ಅಂತ ಡಿಕ್ಲೇರ್ ಮಾಡಿ ತಪಾಸಣೆ ಆಫ್ ಮಾಡೋ ಸೇಫ್ಟಿ 0 ಇಟ್ಟು ಸ್ಪೀಡ್ ಹುಡುಕೋ ಮಹಾನುಭಾವರಿಗೆ ಈ ಗ್ಯಾರಂಟಿ ಇಲ್ಲ.) ಹಳೇ ಫ್ಲೋಟ್ ಡೇಟಾನ ಬದಲಾಯಿಸುವಾಗ ಒಂದು ಗಮನ ಇರ್ಲಿ: ರ‍್ಯಾಷನಲ್ ಅನ್ನೋ ಫಂಕ್ಷನ್‌ಗೆ 4.1 ಕೊಟ್ರೆ 8598323/2097152 ಅಂತ ಕೊಡುತ್ತೆ, ಅದು ಸುಳ್ಳಲ್ಲ, ಮೆಮೊರಿಯಲ್ಲಿ ನಿಜವಾಗಿ ಕೂತಿರೋದು ಅದೇ. ನಿಮಗೆ ಬೇಕಾದ 41/10 ಸಿಗೋದು ರ‍್ಯಾಷನಲೈಝ್‌ನಿಂದ.

ಆದ್ರೆ ಇಷ್ಟೆಲ್ಲ ಮಾಡಿದ್ಮೇಲೂ ಅಸಲಿ ಪ್ರಶ್ನೆ ಹಂಗೇ ಕೂತಿತ್ತು. ಹಾಲೇ ಹಾಕದೋರ ಸರಾಸರಿ ಫ್ಯಾಟ್ ಎಷ್ಟು?

ಇದಕ್ಕೆ ಒಂದು ಉತ್ತರ ಇಲ್ಲ. ಮನೆಮನೆಗೆ ಕೊಡೋ ಚೀಟಿಯಲ್ಲಿ ಅಲ್ಲೊಂದು ಗೆರೆ ಎಳೀಬೇಕು. ಊರಿನ ಒಟ್ಟು ಲೆಕ್ಕದಲ್ಲಿ ಆ ಮನೆಯನ್ನ ಬಿಟ್ಟುಬಿಡಬೇಕು. ಎಂಟ್ರಿ ಸರಿ ಇದೆಯಾ ನೋಡೋವಾಗ ಮಾತ್ರ ಅಲ್ಲೇ ನಿಲ್ಲಬೇಕು, ಯಾಕಂದ್ರೆ ಲೀಟರ್ 0, ಫ್ಯಾಟ್ 4.3 ಅಂತ ಇದ್ರೆ ಯಾರೋ ಲೀಟರ್ ಬರೆಯೋದು ಮರ್ತಿದ್ದಾರೆ ಅಂತ ಅರ್ಥ. ಮೂರೂ ರಿಪೋರ್ಟ್ ಕರೆಯೋದು ಅದೇ ಸರಾಸರಿ ಫಂಕ್ಷನ್ನನ್ನ. ಆ ಬಡಪಾಯಿ ಫಂಕ್ಷನ್‌ಗೆ ತಾನು ಯಾರ ಮನೆಯ ಊಟಕ್ಕೆ ಅಡುಗೆ ಮಾಡ್ತಿದೀನಿ ಅಂತ ಗೊತ್ತಿರಲ್ಲ, ಕರೆದವರಿಗೆ ಗೊತ್ತಿರುತ್ತೆ.

ಹಳೇ ಕಾಲದಿಂದಲೂ ಈ ಜಗಳ ಇದ್ದದ್ದೇ. 628 ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಸೊನ್ನೆ ಅಂದ್ರು. 9ನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಯಾವುದೇ ಸಂಖ್ಯೆಯನ್ನ ಸೊನ್ನೆಯಿಂದ ಭಾಗಿಸಿದ್ರೂ ಅದು ಹಂಗೇ ಉಳಿಯುತ್ತೆ ಅಂದ್ರು, ಹಂಚಿಕೊಳ್ಳೋಕೆ ಯಾರೂ ಬರದಿದ್ರೆ ಬುಟ್ಟಿಯ ಹಣ್ಣು ಬುಟ್ಟಿಯಲ್ಲೇ ಇರುತ್ತಲ್ಲ ಆ ಥರ ಯೋಚಿಸಿರಬೇಕು. 12ನೇ ಶತಮಾನದ ಭಾಸ್ಕರಾಚಾರ್ಯರು ಅದಕ್ಕೆ ಖಹರ ಅಂತ ಹೆಸರಿಟ್ಟು ಅನಂತ ಅಂದ್ರು. ಇವತ್ತಿನ ಗಣಿತ ಮೂರನ್ನೂ ಒಪ್ಪಲ್ಲ. ಆದ್ರೆ ನನ್ನ ರಿಪೋರ್ಟ್‌ಗಳನ್ನ ನೋಡಿದಾಗ ಇವರೆಲ್ಲ ನೆನಪಾದ್ರು, ಒಂದೊಂದು ರಿಪೋರ್ಟ್‌ಗೂ ಒಬ್ಬೊಬ್ಬರು ಬೇಕು ಅನ್ನಿಸ್ತು.

ಮೊದಲು ನಾನು ಇದನ್ನ ಆರ್ಗ್ಯುಮೆಂಟ್ ಆಗಿ ಕಳಿಸೋಕೆ ನೋಡ್ದೆ, ಸೊನ್ನೆ ಬಂದ್ರೆ ಏನ್ಮಾಡ್ಬೇಕು ಅಂತ ಒಂದು ಕೀವರ್ಡ್. ಆದ್ರೆ ರಿಪೋರ್ಟ್ ಕರೆಯೋದು ಮನೆ-ಸಾರಾಂಶವನ್ನ, ಅದು ಕರೆಯೋದು ತಿಂಗಳ-ಸಾಲನ್ನ, ಅದು ಕರೆಯೋದು ಸರಾಸರಿಯನ್ನ, ನಡುವಿನ ಇಬ್ಬರಿಗೂ ಆ ಕೀವರ್ಡ್‌ನಿಂದ ಏನೂ ಆಗಬೇಕಿಲ್ಲ, ಸುಮ್ನೆ ಕೈಯಿಂದ ಕೈಗೆ ದಾಟಿಸ್ಬೇಕು. ನಾಕು ದಿನದಲ್ಲಿ ಇನ್ನೊಂದು ಕೀವರ್ಡ್ ಸೇರ್ಕೊಳ್ತು, ಅಷ್ಟೊತ್ತಿಗೆ ಸಾಕಾಯ್ತು.

ಲಿಸ್ಪ್‌ನಲ್ಲಿ ಇದಕ್ಕೆಂದೇ ರೀಸ್ಟಾರ್ಟ್ ಅಂತ ಒಂದಿದೆ. ಇದನ್ನ ವಿವರಿಸೋಕೆ ನಮ್ಮ ಡೈರಿಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಕೌಂಟರ್‌ನಲ್ಲಿ ಹಾಲು ಅಳೆಯೋ ಹುಡುಗ ಇದಾನೆ ಅನ್ಕೊಳ್ಳಿ, ಯಾರದ್ದೋ ಹಾಲಿನ ಡಿಗ್ರಿ ವಿಚಿತ್ರ ಬಂತು. ಹ್ಯಾಂಡ್ಲರ್-ಕೇಸ್ ಅಂದ್ರೆ ಆ ಹುಡುಗ ಕೈಯಲ್ಲಿದ್ದ ಕ್ಯಾನು, ಪುಸ್ತಕ, ಕ್ಯೂನಲ್ಲಿ ನಿಂತ ಜನ, ಎಲ್ಲಾ ಅಲ್ಲೇ ಬಿಟ್ಟು ಸೆಕ್ರೆಟ್ರಿ ಮನೆಗೆ ಓಡಿಹೋಗಿ ಹಿಂಗಾಯ್ತು ಸಾರ್ ಅಂತ ಹೇಳೋದು, ಅವರು ಏನೇ ಹೇಳಿದ್ರೂ ಅವನು ಅಳೀತಿದ್ದ ಜಾಗಕ್ಕೆ ವಾಪಸ್ ಬರೋ ಹಂಗಿಲ್ಲ. ಜಾವಾ, ಪೈಥಾನ್‌ನಲ್ಲಿ ನಮಗೆ ಅಭ್ಯಾಸ ಆಗಿರೋದು ಇದೇ. ಹ್ಯಾಂಡ್ಲರ್-ಬೈಂಡ್ ಅಂದ್ರೆ ಹುಡುಗ ಕೌಂಟರ್‌ನಲ್ಲಿ ನಿಂತ್ಕೊಂಡೇ ಸೆಕ್ರೆಟ್ರಿಗೆ ಫೋನ್ ಮಾಡೋದು: "ಸಾರ್, ಈ ಥರ ಬಂದದೆ. ಹಾಲು ವಾಪಸ್ ಕಳಿಸ್ಬೋದು, ಇಲ್ಲಾ ಇನ್ನೊಂದ್ ಸಲ ಅಳೀಬೋದು, ಏನ್ಮಾಡ್ಲಿ?" ಅವರು ಒಂದು ಹೇಳ್ತಾರೆ, ಇವನು ಅದನ್ನ ಮಾಡಿ ಮುಂದಿನವರ ಕ್ಯಾನ್‌ಗೆ ಕೈ ಹಾಕ್ತಾನೆ. ಕ್ಯೂ ಚದುರಲ್ಲ.

ಇಲ್ಲಿ ಹುಡುಗ ಹೇಳಿದ ಎರಡು ದಾರಿ ಇವೆಯಲ್ಲ, ಅವೇ ರೀಸ್ಟಾರ್ಟ್‌ಗಳು. ಏನೇನು ಮಾಡಬಹುದು ಅಂತ ಗೊತ್ತಿರೋದು ಕೆಲಸ ಮಾಡೋ ಹುಡುಗನಿಗೆ, ಯಾವುದು ಮಾಡ್ಬೇಕು ಅಂತ ಗೊತ್ತಿರೋದು ಸೆಕ್ರೆಟ್ರಿಗೆ. ಕೋಡ್ ಹಿಂಗಿದೆ, ಇಲ್ಲಿ ಓದೋರಿಗೋಸ್ಕರ ಎಲ್ಲಾ ಕನ್ನಡ ಅಕ್ಷರದಲ್ಲೇ ಬರ್ದಿದೀನಿ:

(ಡಿಫನ್ ಸರಾಸರಿ (ಕೊಬ್ಬು ಲೀಟರ್)
  (ರೀಸ್ಟಾರ್ಟ್-ಕೇಸ್ (/ ಕೊಬ್ಬು ಲೀಟರ್)
    (ಯೂಸ್-ವ್ಯಾಲ್ಯೂ (ಬದಲಿ) ಬದಲಿ)
    (ಈ-ಮನೆ-ಬಿಡು () ನಿಲ್)))

ಅಷ್ಟೇ. ಭಾಗಿಸು, ಆಗದಿದ್ರೆ ಎರಡು ದಾರಿ ಇದೆ, ಯಾರಾದ್ರೂ ಒಂದನ್ನ ಆರಿಸಿ. ಊರಿನ ಒಟ್ಟು ಲೆಕ್ಕದ ಕಡೆ, ಎರರ್ ಬಂದ್ರೆ ಈ-ಮನೆ-ಬಿಡು ಅನ್ನೋ ದಾರಿ ಹಿಡಿ ಅಂತ:

(ಹ್ಯಾಂಡ್ಲರ್-ಬೈಂಡ್
    ((ಅರಿಥ್ಮೆಟಿಕ್-ಎರರ್
       (ಲ್ಯಾಂಬ್ಡಾ (ಸಿ)
         (ಡಿಕ್ಲೇರ್ (ಇಗ್ನೋರ್ ಸಿ))
         (ಇನ್ವೋಕ್-ರೀಸ್ಟಾರ್ಟ್ 'ಈ-ಮನೆ-ಬಿಡು))))
  (ಊರಿನ-ಲೆಕ್ಕ))

ಚೀಟಿ ಕಡೆ ಇದೇ ಥರ, ಆದ್ರೆ ಇನ್ವೋಕ್-ರೀಸ್ಟಾರ್ಟ್ ಜಾಗದಲ್ಲಿ (ಯೂಸ್-ವ್ಯಾಲ್ಯೂ "—"). ಎಂಟ್ರಿ ಚೆಕ್ ಮಾಡೋ ಕಡೆ ಹ್ಯಾಂಡ್ಲರೇ ಇಲ್ಲ, ಪ್ರೋಗ್ರಾಮ್ ಡಿಬಗ್ಗರ್‌ನಲ್ಲಿ ನಿಲ್ಲುತ್ತೆ, ಅದೇ ಬೇಕಿತ್ತು. ನಡುವಿನ ಫಂಕ್ಷನ್‌ಗಳಿಗೆ ಇದು ಯಾವುದೂ ಗೊತ್ತೇ ಇಲ್ಲ, ಒಂದಕ್ಷರ ಬದಲಾಯಿಸಿಲ್ಲ.

ಎರಡು ಮೂರು ಕಡೆ ಎಡವಿದ್ದು ಹೇಳಿಬಿಡ್ತೀನಿ. ಇನ್ವೋಕ್-ರೀಸ್ಟಾರ್ಟ್ ಕರೆದಾಗ ಆ ಹೆಸರಿನ ರೀಸ್ಟಾರ್ಟ್ ಆಗ ಜೀವಂತ ಇಲ್ಲದಿದ್ರೆ ಕಂಟ್ರೋಲ್-ಎರರ್ ಅಂತ ಇನ್ನೊಂದು ಎರರ್ ಬರುತ್ತೆ, ಗಾಯದ ಮೇಲೆ ಬರೆ, ಅದಕ್ಕೆ ಮೊದಲು ಫೈಂಡ್-ರೀಸ್ಟಾರ್ಟ್‌ನಿಂದ ಇದೆಯಾ ಅಂತ ನೋಡೋದು ವಾಸಿ. ಯೂಸ್-ವ್ಯಾಲ್ಯೂ ಫಂಕ್ಷನ್ ಮಾತ್ರ ರೀಸ್ಟಾರ್ಟ್ ಸಿಗದಿದ್ರೆ ಗಲಾಟೆ ಮಾಡದೆ ನಿಲ್ ಕೊಟ್ಟು ವಾಪಸ್ ಬರುತ್ತೆ. ಮತ್ತೆ ಹ್ಯಾಂಡ್ಲರ್ ಒಳಗೆ ಬರೀ ಲಾಗ್ ಪ್ರಿಂಟ್ ಮಾಡಿ ಸುಮ್ನೆ ಮುಗಿಸಿದ್ರೆ ಅದು ಎರರ್ ಸರಿಹೋಯ್ತು ಅಂತ ಅಲ್ಲ, ನನ್ನ ಕೈಲಾಗಲ್ಲ ಇನ್ನೊಬ್ಬರನ್ನ ಕೇಳು ಅಂತ, ಎರರ್ ಹೊರಗಿನ ಹ್ಯಾಂಡ್ಲರ್‌ಗೆ ಹೋಗುತ್ತೆ, ಅಲ್ಲೂ ಯಾರೂ ಇಲ್ಲದಿದ್ರೆ ಡಿಬಗ್ಗರ್. ಇದು ತಿಳಿಯದೆ ನಾನು ಎರರ್ ಹಿಡಿದಿದೀನಿ ಆದ್ರೂ ಯಾಕೆ ಸಾಯ್ತಿದೆ ಅಂತ ಒದ್ದಾಡಿದೀನಿ. ಇನ್ನು ಅರಿಥ್ಮೆಟಿಕ್-ಎರರ್-ಆಪರೆಂಡ್ಸ್ ಅಂತ ಒಂದಿದೆ, ಯಾವ ಸಂಖ್ಯೆಗಳಿಂದ ತಪ್ಪಾಯ್ತು ಅಂತ ಹೇಳುತ್ತೆ, ಇಂಟಿಜರ್ ಆದ್ರೆ ಚೆನ್ನಾಗಿ ಕೆಲಸಕ್ಕೆ ಬರುತ್ತೆ, ಫ್ಲೋಟ್ ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ.

ಎರರೇ ಬೇಡ ಅಂತ ಇನ್ನೊಂದು ದಾರಿ ಇದೆ, ಎಸ್‌ಬಿಸಿಎಲ್‌ನಲ್ಲಿ ವಿತ್-ಫ್ಲೋಟ್-ಟ್ರ್ಯಾಪ್ಸ್-ಮಾಸ್ಕ್ಡ್ ಅಂತ. ಅದರೊಳಗೆ ಹಾಕಿದ್ರೆ 1.0 ಭಾಗಿಸು 0.0 ಗೆ ಇನ್ಫಿನಿಟಿ, 0.0 ಭಾಗಿಸು 0.0 ಗೆ ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನೋ ಗುರುತು) ಅಂತ ಬರುತ್ತೆ, ಪ್ರೋಗ್ರಾಮ್ ಓಡ್ತಾ ಇರುತ್ತೆ. ಬೇರೆ ಭಾಷೆಯ ಲೈಬ್ರರಿ ಕರೆಯೋವಾಗ ಇದು ಎಷ್ಟೋ ಸಲ ಬೇಕಾಗುತ್ತೆ, ಎಷ್ಟೋ ಗ್ರಾಫಿಕ್ಸ್ ಲೈಬ್ರರಿಗಳನ್ನ ಟ್ರ್ಯಾಪ್ (ತಪ್ಪು ಲೆಕ್ಕ ಬಂದ್ರೆ ಅಲ್ಲೇ ಎರರ್ ಎಬ್ಬಿಸೋ ಏರ್ಪಾಟು) ಇಲ್ಲ ಅಂದ್ಕೊಂಡೇ ಬರ್ದಿರ್ತಾರೆ. ಆದ್ರೆ ಲೆಕ್ಕದ ಪುಸ್ತಕಕ್ಕೆ ಬೇಡ. ಒಂದು ನ್ಯಾನ್ ಸೇರಿದ್ರೆ ಅದನ್ನ ಕೂಡಿಸಿದ್ದೆಲ್ಲ ನ್ಯಾನ್, ಹಂಡೆ ಹಾಲಿಗೆ ಒಂದು ಹನಿ ಹುಳಿ ಹಿಂಡಿದ ಹಾಗೆ, ಎಲ್ಲಿ ಹಿಂಡಿದ್ರು ಅಂತ ಆಮೇಲೆ ಹುಡುಕೋಕೂ ಆಗಲ್ಲ.

ಇಮ್ಯಾಕ್ಸ್ ಎಡಿಟರ್‌ನ ಒಳಗಿರೋ ಇನ್ನೊಂದು ಲಿಸ್ಪ್, ಇಮ್ಯಾಕ್ಸ್ ಲಿಸ್ಪ್‌ನೋರಿಗೆ ಒಂದು ಮಾತು: ಅಲ್ಲಿ 7 ನ್ನ 2 ರಿಂದ ಭಾಗಿಸಿದ್ರೆ 3, ಭಿನ್ನರಾಶಿ ಇಲ್ಲ. 1 ನ್ನ 0 ಇಂದ ಭಾಗಿಸಿದ್ರೆ ಆರಿತ್-ಎರರ್, ಕಂಡೀಷನ್-ಕೇಸ್‌ನಿಂದ ಹಿಡೀಬಹುದು, ಆದ್ರೆ 1.0 ಆದ್ರೆ ಸದ್ದಿಲ್ಲದೆ ಇನ್ಫಿನಿಟಿ. ಹ್ಯಾಂಡ್ಲರ್-ಬೈಂಡ್ ಅಲ್ಲಿಗೆ ಬಂದಿದ್ದು 2025 ರ 30ನೇ ವರ್ಷನ್‌ನಲ್ಲಿ. ಕಾಮನ್ ಲಿಸ್ಪ್‌ಗೆ ಕೆಂಟ್ ಪಿಟ್‌ಮನ್ ತಂದ ಈ ಕಂಡೀಷನ್ ಸಿಸ್ಟಮ್ 1988 ರಲ್ಲೇ ಕಮಿಟಿಯಲ್ಲಿ ಪಾಸಾಗಿ 1994 ರ ಸ್ಟ್ಯಾಂಡರ್ಡ್‌ನಲ್ಲಿ ಕೂತಿತ್ತು, ಲೆಕ್ಕ ಹಾಕ್ಕೊಳ್ಳಿ.

ಇಷ್ಟೊಂದು ಸರ್ಕಸ್ ಯಾಕೆ, ಲೀಟರ್ ಸೊನ್ನೆನಾ ಅಂತ ಒಂದು ಇಫ್ ಹಾಕಿದ್ರೆ ಸಾಲದಾ ಅಂತ ಆಫೀಸಿನ ಗೆಳೆಯ ಕೇಳ್ದ. ಒಂದೇ ರಿಪೋರ್ಟ್ ಇದ್ದಿದ್ರೆ ಸಾಲ್ತಿತ್ತು, ನಾನೂ ಇಫ್ಫೇ ಹಾಕ್ತಿದ್ದೆ. ಗಬ್ಬದ ಹಸು ಹಾಲು ಕೊಡದೇ ಇರೋದು ಎರರ್ ಅಲ್ಲವೇ ಅಲ್ಲ, ಅದು ವರ್ಷಾ ವರ್ಷಾ ನಡೆಯೋದೇ. ಮೂರು ಜನ ಮೂರು ಉತ್ತರ ಬಯಸಿದಾಗ ಮಾತ್ರ ರೀಸ್ಟಾರ್ಟ್‌ನ ಬೆಲೆ ಗೊತ್ತಾಗೋದು. 1997 ರಲ್ಲಿ ಅಮೆರಿಕದ ಯಾರ್ಕ್‌ಟೌನ್ ಅನ್ನೋ ಯುದ್ಧನೌಕೆಯಲ್ಲಿ ಯಾರೋ ಡೇಟಾಬೇಸಿನ ಒಂದು ಖಾನೆಗೆ 0 ಹಾಕಿ, ಅದರಿಂದ ಭಾಗಾಕಾರ ಆಗಿ, ಎಂಜಿನ್ ನಡೆಸೋ ಸಿಸ್ಟಮ್ಮೇ ಕುಸಿದು, ಹಡಗು ಎರಡೂವರೆ ಗಂಟೆಗೂ ಹೆಚ್ಚು ನಡುನೀರಲ್ಲಿ ನಿಂತಿತ್ತು. ಎಂಟ್ರಿ ಮಾಡೋ ಪ್ರೋಗ್ರಾಮ್‌ನಲ್ಲಿ ನಿಂತಿದ್ರೆ ಒಳ್ಳೇದಿತ್ತು, ಎಂಜಿನ್‌ನಲ್ಲಿ ನಿಲ್ಲಬಾರದಿತ್ತು. ಸೊನ್ನೆ ಒಂದೇ, ಎಲ್ಲಿ ನಿಲ್ಲಬೇಕು ಅನ್ನೋದು ಬೇರೆ.

ಸಂಕ್ರಾಂತಿಗೆ ಹೋದಾಗ ಹೊಸ ಪ್ರೋಗ್ರಾಮನ್ನ ಚಿಕ್ಕಪ್ಪನ ಎದುರಿಗೆ ಓಡಿಸ್ದೆ. ರೀಸ್ಟಾರ್ಟ್‌ಗಳಿಗೆ ರಿಪೋರ್ಟ್ ಅಂತ ಒಂದು ವಾಕ್ಯ ಸೇರಿಸಬಹುದು, ಡಿಬಗ್ಗರ್‌ನಲ್ಲಿ ಅದು ಮೆನು ಥರ ಕಾಣುತ್ತೆ, ನಾನು ಅದನ್ನ ಕನ್ನಡದಲ್ಲೇ ಹಾಕಿದ್ದೆ. ಎಂಟ್ರಿ ಚೆಕ್ ಓಡ್ತಾ ಓಡ್ತಾ ಒಂದು ಮನೆಗೆ ನಿಲ್ತು. 0: ಬದಲಿ ಬೆಲೆ ಕೊಡಿ. 1: ಈ ಮನೆ ಬಿಡಿ. ಟರ್ಮಿನಲ್‌ನಲ್ಲಿ ಒತ್ತಕ್ಷರ ಎಲ್ಲಾ ಕಿತ್ತು ಪಕ್ಕಪಕ್ಕ ಕೂತಿದ್ವು, ಆದ್ರೂ ಚಿಕ್ಕಪ್ಪ ಕನ್ನಡಕ ಏರಿಸಿ ಓದಿ, "ಇವ್ರ್ ಹಸ ಹೋದ್ ವಾರವೇ ಕರ ಹಾಕ್ತು, ಗಿಣ್ಣಾಲು ಡೈರಿಗ್ ಹಾಕಕಿಲ್ಲ, ಬುಡು ಇದ" ಅಂತ ಅವರೇ 1 ಒತ್ತಿದ್ರು. ಬಾಕಿ ಮನೆಗಳು ಸರಸರ ಓಡಿ ಮುಗೀತು. ಊರಿನ ಸರಾಸರಿಯಲ್ಲಿ ಈಗ ಲೀಟರ್ ತೂಕ ಹಾಕ್ತೀನಿ, ಅವರ ಉದ್ದನೆ ಪುಸ್ತಕಕ್ಕೂ ಅದಕ್ಕೂ ತಾಳೆ ಆಯ್ತು.

ಚೀಟಿಯದ್ದು ಮಾತ್ರ ಇನ್ನೊಂದು ಸಲ ಬದಲಾಯಿಸ್ಬೇಕಾಯ್ತು. ಗೆರೆ ಎಳೆದ ಚೀಟಿ ತಗೊಂಡ ಒಬ್ಬ ಅಜ್ಜಿ ಮಾರನೇ ದಿನ ಡೈರಿಗೇ ಬಂದು, ಗೆರೆ ಎಳ್ದವ್ರಲ್ಲ, ನನ್ ಹೆಸ್ರ ಹೊಡ್ದಾಕ್ಬುಟ್ರಾ ಅಂತ ಕೇಳಿದ್ರಂತೆ. ಈಗ ಅಲ್ಲಿ ಯೂಸ್-ವ್ಯಾಲ್ಯೂಗೆ ಗೆರೆ ಬದಲು "ಈ ತಿಂಗಳು ಹಾಲು ಹಾಕಿಲ್ಲ" ಅಂತ ಕೊಡ್ತೀನಿ. ಒಂದೇ ಸಾಲು ಬದಲಾಗಿದ್ದು.